24 ವೋಲ್ಟ್ ಲಾರಿಗೆ ಮನೆಯ 12 ವೋಲ್ಟ್ ಇನ್ವರ್ಟರ್ ಹಾಕಬಹುದಾ?

ಹಾಕಬೇಡಿ. ಮನೆಯಲ್ಲಿ 12 ವೋಲ್ಟಿನ ಇನ್ವರ್ಟರ್ ಸುಮ್ನೆ ಬಿದ್ದಿದೆ, ಲಾರಿಯ ಎರಡು ಬ್ಯಾಟರಿಯಲ್ಲಿ ಒಂದರಿಂದ ವೈರ್ ಎಳೆದು ರಾತ್ರಿ ಫ್ಯಾನು, ಮೊಬೈಲು, ಆಗಾಗ ರೈಸ್ ಕುಕ್ಕರ್ ಓಡಿಸಬಹುದಾ ಅಂತ ತಾನೇ ನೀವು ಕೇಳಿರುವುದು? ಓಡುತ್ತದೆ. ತೊಂದರೆ ಇರುವುದೇ ಅಲ್ಲಿ, ಮೊದಲ ಒಂದೆರಡು ತಿಂಗಳು ಏನೂ ಗೊತ್ತಾಗುವುದಿಲ್ಲ.

ನಾನೂ ಹಾಗೇ ಮಾಡಿದ್ದೆ. ದಾವಣಗೆರೆಯಲ್ಲಿ ಅಕ್ಕಿ ಲೋಡಿಗೆ ಎರಡು ರಾತ್ರಿ ಕಾದು, ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಟಕ್ ಅಂತ ಸದ್ದು ಮಾಡಿ ಸುಮ್ಮನಾಯಿತು. ಎಲೆಕ್ಟ್ರಿಷಿಯನ್ ಬಂದು ಬ್ಯಾಟರಿ ಬಾಕ್ಸ್ ತೆಗೆದು ಮೀಟರ್ ಹಿಡಿದರು. ಒಂದು ಬ್ಯಾಟರಿ 12.7, ಇನ್ವರ್ಟರ್ ಕಟ್ಟಿದ್ದು 11.3. ಸರಿಯಾಗಿದೆ ಅಂದುಕೊಂಡ ಬ್ಯಾಟರಿಯ ಕ್ಯಾಪ್ ಬಿಚ್ಚಿದರೆ ನೀರು ಪ್ಲೇಟಿಗಿಂತ ಕೆಳಗೆ ಇಳಿದಿತ್ತು. ಎರಡನ್ನೂ ಬದಲಾಯಿಸಬೇಕಾಯಿತು. ಯಾಕಂದರೆ ಎರಡೂ ಸೀರೀಸ್‌ನಲ್ಲಿರುತ್ತವೆ, ಅಂದರೆ 12 ವೋಲ್ಟಿನ ಎರಡು ಒಂದರ ಹಿಂದೆ ಒಂದು ಸೇರಿ 24 ಆಗುತ್ತದೆ, ಡೈನಮೋ ನೋಡುವುದು ಒಟ್ಟು 28 ವೋಲ್ಟಿನಷ್ಟು ಬಂತಾ ಅಂತ ಮಾತ್ರ, ಯಾವುದರಲ್ಲಿ ಎಷ್ಟಿದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಖಾಲಿಯಾದದ್ದು ಪೂರ್ತಿ ತುಂಬುವುದೇ ಇಲ್ಲ, ತುಂಬಿದ್ದು ಓವರ್‌ಚಾರ್ಜ್ ಆಗಿ ನೀರು ಕಳೆದುಕೊಳ್ಳುತ್ತದೆ.

24 ವೋಲ್ಟ್ ಇನ್‌ಪುಟ್‌ನ ಇನ್ವರ್ಟರನ್ನೇ ತಗೊಳ್ಳಿ, ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವುದು) ಆದರೆ ಒಳ್ಳೆಯದು. ಅಗ್ಗದ್ದರಲ್ಲಿ ಫ್ಯಾನು ಗುಂಯ್ ಅನ್ನುತ್ತದೆ, ಬಿಸಿಯೂ ಜಾಸ್ತಿ. ನಿಮ್ಮ ಕುಕ್ಕರ್ 700 ವ್ಯಾಟಿನದಾದರೆ 1000 ವ್ಯಾಟಿನ ಇನ್ವರ್ಟರ್ ಸಾಕು. ಇಂಡಕ್ಷನ್ ಒಲೆಯ ಆಸೆ ಬೇಡ.

ವೈರಿಂಗ್ ವಿಷಯದಲ್ಲಿ ಮಾತ್ರ ದಯವಿಟ್ಟು ಕಾಸು ಉಳಿಸಬೇಡಿ. 1000 ವ್ಯಾಟಿಗೆ 24 ವೋಲ್ಟಿನಲ್ಲಿ 42 ಆಂಪಿಯರ್ ಆಗುತ್ತದೆ, ಇನ್ವರ್ಟರಿನ ನಷ್ಟ ಸೇರಿದರೆ 50ರ ಹತ್ತಿರ. ಲೈಟರ್ ಸಾಕೆಟ್ಟಿನಿಂದ ಇದನ್ನು ಎಳೆಯಲು ಆಗುವುದೇ ಇಲ್ಲ. ಎರಡು ಮೀಟರ್ ದೂರಕ್ಕೆ 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿಸಿ, ಇನ್ನೂ ದೂರ ಆದರೆ 25ರದ್ದು. ಕೇಬಲ್ ತುದಿಯ ಲಗ್‌ಗಳನ್ನು (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಕ್ರಿಂಪ್ ಮಾಡಿಸಿ, ಅಂದರೆ ಒತ್ತಿ ಬಿಗಿ ಮಾಡಿಸಿ, ಸುತ್ತಿ ಟೇಪ್ ಹಚ್ಚಿದರೆ ಲಾರಿಯ ಕುಲುಕಾಟಕ್ಕೆ ಸಡಿಲವಾಗಿ ಬಿಸಿಯಾಗುತ್ತದೆ. 60 ಆಂಪಿಯರ್ ಫ್ಯೂಸ್ ಬ್ಯಾಟರಿಯ ಪ್ಲಸ್ಸಿನ ಪಕ್ಕದಲ್ಲೇ, ಒಂದು ಗೇಣಿನೊಳಗೆ ಇರಬೇಕು. ಇನ್ವರ್ಟರಿನೊಳಗೆ ಫ್ಯೂಸ್ ಇದೆಯಲ್ಲ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಇನ್ವರ್ಟರಿಗೆ ಸರಿ, ನಡುವೆ ಕೇಬಲ್ ಚಾಸಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದು ಶಾರ್ಟ್ ಆದರೆ ತಡೆಯುವವರು ಯಾರು? ಆ ಕೇಬಲ್ ಹೋಗುವುದು ನೀವು ಮಲಗುವ ಕ್ಯಾಬಿನ್ನಿಗೆ. ಕ್ಯಾಬಿನ್ನಿನ ತಗಡು ದಾಟುವ ಕಡೆ ರಬ್ಬರ್ ಬುಷ್ ಹಾಕಿಸಿ, ಉಳಿದ ಕಡೆ ಕೊಳವೆಯೊಳಗೆ ಕೇಬಲ್ ತೂರಿಸಿ.

ಇನ್ವರ್ಟರನ್ನು ಹಾಸಿಗೆಯ ಕೆಳಗೆ ತುರುಕಬೇಡಿ. ಗಾಳಿಯಾಡುವ ಜಾಗದಲ್ಲಿ ನಟ್ ಬೋಲ್ಟ್ ಹಾಕಿ ಬಿಗಿಯಿರಿ.

ಇನ್ನು ಬಳಸುವ ಬಗ್ಗೆ. 50 ವ್ಯಾಟ್ ಫ್ಯಾನು ಎಂಟು ಗಂಟೆ ಓಡಿದರೆ ನಷ್ಟ ಸೇರಿ 20 ಆಂಪಿಯರ್ ಅವರ್ ಹತ್ತಿರ ಖರ್ಚು, 150 ಆಂಪಿಯರ್ ಅವರ್‌ನ ಒಳ್ಳೆಯ ಬ್ಯಾಟರಿಗೆ ಅದು ಭಾರವಲ್ಲ. ಕುಕ್ಕರ್ ಅರ್ಧ ಗಂಟೆಗೇ ಹೆಚ್ಚು ಕಡಿಮೆ ಅಷ್ಟು ತಿನ್ನುತ್ತದೆ, ಹಾಗಾಗಿ ಎಂಜಿನ್ ಓಡುತ್ತಿರುವಾಗಲೇ ಅನ್ನ ಮಾಡಿಕೊಳ್ಳಿ. ಇನ್ವರ್ಟರ್ ತಾನಾಗಿ ಬಂದ್ ಆಗುತ್ತದಲ್ಲ ಅಂತ ನಂಬಿ ಮಲಗಬೇಡಿ, ಎಷ್ಟೋ ಇನ್ವರ್ಟರುಗಳು 21 ವೋಲ್ಟಿನವರೆಗೂ ಎಳೆಯುತ್ತವೆ, ಅಷ್ಟು ಇಳಿದ ಮೇಲೆ ಸೆಲ್ಫ್ ಎತ್ತುವುದಿಲ್ಲ. ಕಟ್-ಆಫ್ (ತಾನಾಗಿ ಬಂದ್ ಆಗುವ ವೋಲ್ಟ್) ಸೆಟ್ ಮಾಡಲು ಬಂದರೆ 24ಕ್ಕೆ ಇಡಿ, ಬರದಿದ್ದರೆ ಸಣ್ಣ ವೋಲ್ಟ್ ಮೀಟರ್ ಒಂದನ್ನು ಕಣ್ಣಿಗೆ ಬೀಳುವ ಕಡೆ ಹಾಕಿಸಿ.

ಅಂದ ಹಾಗೆ, ಬರೀ ಫ್ಯಾನು ಮೊಬೈಲಿಗಾದರೆ ಇನ್ವರ್ಟರೇ ಬೇಡ. 24 ವೋಲ್ಟಿನ ಲಾರಿ ಫ್ಯಾನು, ಚಾರ್ಜರ್ ಎರಡೂ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತವೆ. ಕುಕ್ಕರ್ ಇಲ್ಲದೆ ನಡೆಯುತ್ತದಾ ಅಂತ ಮೊದಲು ಯೋಚಿಸಿ, ಆಮೇಲೆ ದುಡ್ಡು ಹಾಕಿ.