ಮಗಳ ಸುಸ್ತಿಗೆ ಮಂಡಕ್ಕಿ ಕಾರಣವೇ?

ಪ್ರಶ್ನೆ: ಪ್ರಥಮ ಪಿಯುಸಿ ಓದುತ್ತಿರುವ ನನ್ನ 16 ವರ್ಷದ ಮಗಳು ಬೆಳಿಗ್ಗೆ ಬರೀ ಚಹಾ ಕುಡಿದು ಕಾಲೇಜಿಗೆ ಹೋಗುತ್ತಾಳೆ. ಸಂಜೆ ಗೆಳತಿಯರೊಂದಿಗೆ ಮಂಡಕ್ಕಿ–ಮೆಣಸಿನಕಾಯಿ ತಿಂದು ಬಂದು ರಾತ್ರಿ ಊಟ ಬೇಡವೆನ್ನುತ್ತಾಳೆ. ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕುಳಿತರೆ ತೂಕಡಿಕೆ, ಮಾತೆತ್ತಿದರೆ ಸಿಡುಕು. ಹಿಮೋಗ್ಲೋಬಿನ್ 9.6 ಗ್ರಾಂ ಇದೆ. ಮಂಡಕ್ಕಿ ಬಿಡಿಸಿದರೆ ಸರಿಹೋಗುವುದೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ದಾವಣಗೆರೆಯಲ್ಲಿದ್ದು ಮಂಡಕ್ಕಿ ಬಿಡಿಸುವುದು ಕಷ್ಟ, ಅದರ ಅಗತ್ಯವೂ ಇಲ್ಲ. ಈ ವಯಸ್ಸಿನ ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಕನಿಷ್ಠ 12 ಗ್ರಾಂ ಇರಬೇಕು. ನಿಮ್ಮ ಮಗಳದು ಮಧ್ಯಮ ಪ್ರಮಾಣದ ರಕ್ತಹೀನತೆ. ನೀವು ಹೇಳಿದ ಏದುಸಿರು, ತೂಕಡಿಕೆ, ಸಿಡುಕು ಮೂರಕ್ಕೂ ಅದೇ ಕಾರಣವಿರಬಹುದಾದ್ದರಿಂದ ಓದಿನಲ್ಲಿ ಸೋಮಾರಿತನವೆಂದು ಗದರಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ.

ಮುಟ್ಟಿನಲ್ಲಿ ರಕ್ತ ಹೋಗುವುದರ ಜೊತೆಗೆ ಮೈ ಬೆಳೆಯುವ ಕಾಲವೂ ಇದಾದ್ದರಿಂದ, ಅವಳಿಗೆ ದಿನಕ್ಕೆ ಸುಮಾರು 32 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಬೆಳಗಿನ ತಿಂಡಿಯೂ ರಾತ್ರಿಯ ಊಟವೂ ತಪ್ಪಿದರೆ ಅಷ್ಟು ಬರುವುದಾದರೂ ಎಲ್ಲಿಂದ? ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಸಿಗುವ ಬಿಸಿಯೂಟವೂ ಪಿಯುಸಿಗೆ ಬಂದೊಡನೆ ಹೆಚ್ಚಿನ ಕಡೆ ನಿಂತುಹೋಗುತ್ತದೆ. ಈ ಬದಲಾವಣೆಯನ್ನು ಮನೆಯವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ.

ಚಹಾವನ್ನು ಊಟ–ತಿಂಡಿಯಿಂದ ಒಂದು ಗಂಟೆಯಾದರೂ ದೂರವಿಡಿ, ಏಕೆಂದರೆ ಅದರ ಒಗರು ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಬೆಳಿಗ್ಗೆ ಅವಸರವಾದರೆ ರೊಟ್ಟಿಯೊಳಗೆ ಹೆಸರುಕಾಳಿನ ಪಲ್ಯ ಸುತ್ತಿ ಕೊಟ್ಟರೂ ಸಾಕು. ಸೊಪ್ಪು, ಕಾಳುಗಳ ಮೇಲೆ ನಿಂಬೆರಸ ಹಿಂಡಿದರೆ ಅದರಲ್ಲಿರುವ ಸಿ ಜೀವಸತ್ವದಿಂದ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಮಾಂಸ ತಿನ್ನುವ ಮನೆಯಾದರೆ ಅದರ ಕಬ್ಬಿಣ ಇನ್ನೂ ಸುಲಭವಾಗಿ ಸಿಗುತ್ತದೆ. ಸಂಜೆಯ ಮಂಡಕ್ಕಿಗೆ ಮೊಳಕೆಕಾಳು, ಶೇಂಗಾ ಬೆರೆಸಿ ಮನೆಯಲ್ಲೇ ಮಾಡಿಕೊಟ್ಟರೆ ಅವಳಿಗೂ ಬೇಸರವಾಗದು. ಕರಿದ ಮೆಣಸಿನಕಾಯಿ ವಾರಕ್ಕೊಮ್ಮೆ ಇರಲಿ.

ಆದರೆ 9.6ರಿಂದ ಮೇಲೇರಲು ಆಹಾರವೊಂದೇ ಸಾಲದು. ಬೆಲ್ಲ–ಖರ್ಜೂರದಿಂದಲೇ ರಕ್ತ ತುಂಬುತ್ತದೆಂದು ಕಾಯುತ್ತ ಕೂರಬೇಡಿ. ವೈದ್ಯರು ಬರೆದುಕೊಡುವ ಕಬ್ಬಿಣದ ಮಾತ್ರೆಯನ್ನು, ಮಲ ಕಪ್ಪಾಯಿತೆಂದು ಹೆದರಿ ನಡುವೆ ನಿಲ್ಲಿಸದೆ, ಹಿಮೋಗ್ಲೋಬಿನ್ ಸರಿಯಾದ ಮೇಲೂ ಅವರು ಹೇಳಿದಷ್ಟು ಕಾಲ ಮುಂದುವರಿಸಬೇಕು. ಜಂತುಹುಳುವಿನ ಮಾತ್ರೆಯ ಬಗ್ಗೆಯೂ ಕೇಳಿ. ಮುಟ್ಟಿನ ಸ್ರಾವ ಏಳು ದಿನ ಮೀರುತ್ತಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ.