ಆರಂಭ ತಪ್ಪದಂತೆ ಕಾಯುವವರು ಯಾರು?

ಪ್ರಶ್ನೆ: ಪ್ರೋಟೀನ್ ತಯಾರಿಕೆಯನ್ನು ಆರಂಭಿಸಲು ಒಂದು, ನಡುವೆ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಸೇರಿಸಲು ಮತ್ತೊಂದು, ಹೀಗೆ ಬ್ಯಾಕ್ಟೀರಿಯಗಳಲ್ಲಿ ಮೆಥಿಯೋನಿನ್ ಹೊತ್ತು ತರುವ ಎರಡು ಬಗೆಯ ಟಿಆರ್‌ಎನ್‌ಎ ಅಣುಗಳು ಇರುತ್ತವೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ನಮ್ಮ ಮೈಟೊಕಾಂಡ್ರಿಯದಲ್ಲಿ ಒಂದೇ ಇದೆಯಂತೆ. ಹಾಗಿದ್ದರೆ ಆರಂಭ ತಪ್ಪದಂತೆ ತಡೆಯುವುದು ಯಾವುದು?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿರಸಿ

ಉತ್ತರ: ನೀವು ಓದಿದ್ದು ಸರಿ. ಮನುಷ್ಯನ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿರುವ 37 ಜೀನ್‌ಗಳಲ್ಲಿ 22 ಟಿಆರ್‌ಎನ್‌ಎಗಳವು. ಮೆಥಿಯೋನಿನ್ ಪಾಲಿಗೆ ಬಂದದ್ದು ಒಂದೇ. ಅದಕ್ಕೆ ಎರಡು ಕೆಲಸ ಹಂಚಿಕೊಡುವುದು ಎಂಟಿಎಫ್‌ಎಂಟಿ ಎಂಬ ಕಿಣ್ವ. ಮೆಥಿಯೋನಿನ್ ಹೊತ್ತ ಟಿಆರ್‌ಎನ್‌ಎಗಳಲ್ಲಿ ಒಂದಷ್ಟಕ್ಕೆ ಮಾತ್ರ ಅದು ಫಾರ್ಮೈಲ್ ಎಂಬ ಪುಟ್ಟ ರಾಸಾಯನಿಕ ಗುಂಪಿನ ಮೊಹರು ಒತ್ತುತ್ತದೆ. ಮೊಹರು ಬಿದ್ದದ್ದನ್ನು ಐಎಫ್2 ಎಂಬ ಆರಂಭಕ ಪ್ರೋಟೀನ್ ಆರಿಸಿ, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೊಸೋಮಿನ ಕಿರಿಯ ಘಟಕಕ್ಕೆ ಒಯ್ಯುತ್ತದೆ. ಮೊಹರಿಲ್ಲದ್ದು ಇಎಫ್-ಟಿಯು ಎಂಬ ಪ್ರೋಟೀನಿನ ಕೈಸೇರಿ, ಸರಪಣಿ ಬೆಳೆಯುವ ಹಂತದಲ್ಲಿ ಬಳಕೆಯಾಗುತ್ತದೆ. ಎಂಟಿಎಫ್‌ಎಂಟಿ ಜೀನಿನ ದೋಷದಿಂದ ಮಕ್ಕಳಲ್ಲಿ ಲೀ ಸಿಂಡ್ರೋಮ್ ಎಂಬ ಗಂಭೀರ ನರರೋಗ ಬರುವುದು 2011ರಲ್ಲಿ ಗೊತ್ತಾಯಿತು.

ಇನ್ನು ಜಾಗದ ಮಾತು. ಬ್ಯಾಕ್ಟೀರಿಯದ ಎಂಆರ್‌ಎನ್‌ಎಯಲ್ಲಿ (ಜೀನಿನ ಸಂದೇಶ ಹೊತ್ತ ಪ್ರತಿಯಲ್ಲಿ) ಆರಂಭದ ಮೂರಕ್ಷರದ ಸಂಕೇತಕ್ಕೆ ಮುಂಚೆ ರೈಬೊಸೋಮನ್ನು ಹಿಡಿದು ನಿಲ್ಲಿಸುವ ಶೈನ್-ಡಾಲ್ಗಾರ್ನೊ ಎಂಬ ಭಾಗವಿರುತ್ತದೆ. ನಮ್ಮ ಮೈಟೊಕಾಂಡ್ರಿಯದಲ್ಲಿ ಅದಿಲ್ಲ. ಬಹುಪಾಲು ಎಂಆರ್‌ಎನ್‌ಎಗಳಲ್ಲಿ ಸಂಕೇತವು ಮೊದಲ ತುದಿಯಲ್ಲೇ, ಇಲ್ಲವೇ ಅದರಿಂದ ಎರಡು-ಮೂರು ಅಕ್ಷರಗಳಾಚೆಗೇ ಇರುತ್ತದೆ. ಪ್ರಯೋಗಾಲಯದಲ್ಲಿ ಅದಕ್ಕೂ ಮುಂಚೆ ಒಂದಿಷ್ಟು ಅಕ್ಷರ ಜೋಡಿಸಿದರೆ ಆರಂಭವೇ ಕುಗ್ಗುತ್ತದೆ. ತುದಿಯೇ ಇಲ್ಲಿ ಗುರುತು.

ಐಎಫ್3 ಎಂಬ ಇನ್ನೊಂದು ಆರಂಭಕ ಪ್ರೋಟೀನಿನ ಪಾತ್ರ ನನಗೆ ಹೆಚ್ಚು ಕುತೂಹಲಕರವೆನಿಸುತ್ತದೆ. ಎಂಆರ್‌ಎನ್‌ಎ ಬರುವ ಮೊದಲೇ ಕಿರಿಯ ಘಟಕದಲ್ಲಿ ಬಂದು ಕೂತ ಟಿಆರ್‌ಎನ್‌ಎಯನ್ನು ಅದು ಕಳಚಿಹಾಕುತ್ತದೆ, ಹಿರಿಯ ಘಟಕವು ಅವಸರದಲ್ಲಿ ಕೂಡಿಕೊಳ್ಳದಂತೆಯೂ ತಡೆಯುತ್ತದೆ. ಬ್ಯಾಕ್ಟೀರಿಯದ ಐಎಫ್3 ಎಯುಯು ಎಂಬ, ರೂಢಿಯಲ್ಲದ ಆರಂಭದ ಸಂಕೇತವನ್ನು ಸುಲಭವಾಗಿ ಒಪ್ಪುವುದಿಲ್ಲ. ಆದರೆ ನಮ್ಮ ಮೈಟೊಕಾಂಡ್ರಿಯದ ಎನ್‌ಡಿ2 ಎಂಬ ಪ್ರೋಟೀನ್ ಆರಂಭವಾಗುವುದೇ ಎಯುಯುನಿಂದ, ಎನ್‌ಡಿ1 ಎಯುಎಯಿಂದ. ಹಾಗಾಗಿ ಮೈಟೊಕಾಂಡ್ರಿಯದಲ್ಲಿ ಅಷ್ಟು ಬಿಗಿ ನಡೆಯದು. ಬ್ಯಾಕ್ಟೀರಿಯದಲ್ಲಿ ಆರಂಭಕ ಟಿಆರ್‌ಎನ್‌ಎಯನ್ನು ಗುರುತಿಸಿಕೊಡುವುದು ಅದರ ಕಾಂಡದಂಥ ಭಾಗದಲ್ಲಿ ಸಾಲಾಗಿರುವ ಮೂರು ಜಿ-ಸಿ ಅಕ್ಷರಜೋಡಿಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ಣೆಯ ಅವರ ತಂಡ ಇವುಗಳ ಬಗ್ಗೆ ಬಹುಕಾಲ ಸಂಶೋಧನೆ ನಡೆಸಿದೆ. ಎರಡೂ ಕೆಲಸಕ್ಕೆ ಒಂದೇ ಟಿಆರ್‌ಎನ್‌ಎ ಇರುವಲ್ಲಿ ಅಂಥ ಗುರುತಿನಿಂದ ಭೇದ ತಿಳಿಯದು, ಆದ್ದರಿಂದಲೇ ಫಾರ್ಮೈಲ್ ಮೊಹರಿನ ಮೇಲೆ ಇಷ್ಟು ಭಾರ.

ಪರೀಕ್ಷೆಯಲ್ಲಿ ತುದಿಯ ನಿಯಮ ಬರೆಯುವಾಗ ‘ಬಹುಪಾಲು’ ಎಂಬುದನ್ನು ಬಿಡಬೇಡಿ. ಎಟಿಪಿ8 ಮತ್ತು ಎಟಿಪಿ6 ಪ್ರೋಟೀನ್‌ಗಳಿಗೆ ಒಂದೇ ಎಂಆರ್‌ಎನ್‌ಎ; ಎಟಿಪಿ6ರ ಆರಂಭವು ಎಟಿಪಿ8ರ ಸಂದೇಶ ಮುಗಿಯುವ ಮೊದಲೇ, ಅದರೊಳಗೇ ಬರುತ್ತದೆ. ಎನ್‌ಡಿ4ಎಲ್ ಮತ್ತು ಎನ್‌ಡಿ4 ಕೂಡ ಹಾಗೆಯೇ.