ಮಣ್ಣು ಒದ್ದೆಯಿದ್ದರೂ ಗಿಡ ಬಾಡಿದ್ದೇಕೆ?

ಪ್ರಶ್ನೆ: ಕುಂಡದ ಗಿಡ ಬಾಡಿದಾಗಲೆಲ್ಲ ನೀರು ಹಾಕಿದರೆ ಒಂದೆರಡು ಗಂಟೆಯಲ್ಲಿ ನೆಟ್ಟಗಾಗುತ್ತಿತ್ತು. ಮೊನ್ನೆ ರಾಸಾಯನಿಕ ಗೊಬ್ಬರ ಸ್ವಲ್ಪ ಜಾಸ್ತಿಯೇ ಹಾಕಿದೆ. ಈಗ ಮಣ್ಣು ಒದ್ದೆಯಿದ್ದರೂ ಗಿಡ ಜೋತುಬಿದ್ದಿದೆ. ಯಾಕೆ?

ಉತ್ತರ: ಬೇರಿನ ಸುತ್ತ ನೀರೇನೋ ಇದೆ. ಆದರೆ ಅದು ಒಳಗೆ ಹೋಗುತ್ತಿಲ್ಲ.

ಎಳೆಯ ಗಿಡದಲ್ಲಿ ಗಟ್ಟಿ ಕಟ್ಟಿಗೆ ಇರುವುದಿಲ್ಲ. ಅದನ್ನು ಎತ್ತಿ ನಿಲ್ಲಿಸುವುದು ಜೀವಕೋಶಗಳಲ್ಲಿ ತುಂಬಿದ ನೀರಿನ ಒತ್ತಡ. ಬಲಿತ ಕೋಶದೊಳಗೆ ಬಹುಪಾಲು ಜಾಗ ರಸದಾನಿಯದ್ದೇ, ಅಂದರೆ ರಸ ತುಂಬಿದ ಚೀಲದ್ದೇ, ಕೆಲವೊಮ್ಮೆ ನೂರಕ್ಕೆ 90ರಷ್ಟು. ಆ ರಸದಲ್ಲಿ ಲವಣ, ಸಕ್ಕರೆ ಕರಗಿರುತ್ತವೆ. ಕೋಶದ ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ, ಲವಣವನ್ನು ಹಾಗೆ ಬಿಡುವುದಿಲ್ಲ. ಹಾಗಾಗಿ ಲವಣ ಜಾಸ್ತಿ ಇರುವ ಕಡೆಗೆ ನೀರೇ ಹರಿದು ಹೋಗುತ್ತದೆ. ಇದೇ ಅಭಿಸರಣೆ, ಅಂದರೆ ಆಸ್ಮೋಸಿಸ್.

ಒಳಗೆ ನುಗ್ಗಿದ ನೀರು ಪೊರೆಯನ್ನು ಹೊರಕ್ಕೆ ಒತ್ತುತ್ತದೆ. ಬರೀ ಪೊರೆ ಇದ್ದಿದ್ದರೆ ಕೋಶ ಒಡೆದೇ ಹೋಗುತ್ತಿತ್ತು. ಅದರ ಸುತ್ತ ಸೆಲ್ಯುಲೋಸಿನ ಭಿತ್ತಿ ಇದೆಯಲ್ಲ, ಅದು ಹಿಡಿದು ನಿಲ್ಲಿಸುತ್ತದೆ. ಟೈರಿನೊಳಗೆ ಟ್ಯೂಬು ಬಿಗಿಯಾಗುವ ಹಾಗೆ. ಎಷ್ಟೋ ಕೋಶಗಳಲ್ಲಿ ಈ ಒತ್ತಡ ಕಾರಿನ ಟೈರಿನ ಎರಡು ಮೂರು ಪಟ್ಟು ಇರುತ್ತದೆ! ಅಂಥ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ನಿಂತಾಗಲೇ ಎಲೆ ಅಗಲವಾಗಿ ಹರಡಿಕೊಳ್ಳುವುದು.

ಇದನ್ನು ಕಣ್ಣಾರೆ ನೋಡಬಹುದು. ಆಲೂಗಡ್ಡೆಯ ಒಂದು ತೆಳು ಹೋಳನ್ನು ಬರೀ ನೀರಿನಲ್ಲಿ, ಇನ್ನೊಂದನ್ನು ಉಪ್ಪುನೀರಿನಲ್ಲಿ ಒಂದು ಗಂಟೆ ಇಡಿ. ಆಮೇಲೆ ಬಗ್ಗಿಸಿ. ಮೊದಲನೆಯದು ಪಟ್ಟನೆ ಮುರಿಯುತ್ತದೆ, ಎರಡನೆಯದು ರಬ್ಬರಿನ ಹಾಗೆ ಬಳುಕುತ್ತದೆ. ಮೈಕ್ರೋಸ್ಕೋಪ್ ಸಿಕ್ಕರೆ ಕೆಂಪು ಈರುಳ್ಳಿಯ ಎಸಳಿನಿಂದ ಸುಲಿದ ತೆಳು ಬಣ್ಣದ ಸಿಪ್ಪೆಗೆ ಒಂದು ಹನಿ ಉಪ್ಪುನೀರು ಬಿಡಿ. ಬಣ್ಣದ ರಸವಿರುವ ಭಾಗ ಭಿತ್ತಿಯಿಂದ ಬಿಟ್ಟುಕೊಂಡು ಮೆಲ್ಲಗೆ ನಡುವಿಗೆ ಮುದುಡುತ್ತದೆ. ಬೇಗನೆ ಬರೀ ನೀರು ಬಿಟ್ಟರೆ ಮತ್ತೆ ಉಬ್ಬುತ್ತದೆ. ಮೊದಲ ಸಲ ನೋಡಿದಾಗ ನನಗೆ ಕಣ್ಣು ಕೀಳಲು ಮನಸ್ಸೇ ಬಂದಿರಲಿಲ್ಲ.

ನಿಮ್ಮ ಗೊಬ್ಬರವೂ ಲವಣವೇ ಅಲ್ವಾ? ಮಣ್ಣಿನ ನೀರಿನಲ್ಲಿ ಅದು ಜಾಸ್ತಿಯಾದಾಗ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ಅತಿಯಾದರೆ ಬೇರಿನೊಳಗಿನ ನೀರೇ ಹೊರಗೆ ಬಂದುಬಿಡುತ್ತದೆ.

ಹಾಗಂತ ದಿನಾ ಸುಮ್ನೆ ಸ್ವಲ್ಪ ಸ್ವಲ್ಪ ನೀರು ಹಾಕಬೇಡಿ, ಲವಣ ಅಲ್ಲೇ ಉಳಿಯುತ್ತದೆ. ಕುಂಡದ ತಳದ ತೂತು ಕಟ್ಟಿಲ್ಲ ತಾನೇ, ನೋಡಿಕೊಳ್ಳಿ. ನಿಧಾನವಾಗಿ ಧಾರಾಳ ನೀರು ಹೊಯ್ದು ಪೂರ್ತಿ ಬಸಿಯಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿ, ತಟ್ಟೆಗೆ ಇಳಿದ ನೀರನ್ನು ಚೆಲ್ಲಿಬಿಡಿ. ಕೆಲವು ವಾರ ಗೊಬ್ಬರ ಬೇಡ. ಈಗಾಗಲೇ ಸುಟ್ಟ ಎಲೆಯಂಚು ಮತ್ತೆ ಹಸಿರಾಗುವುದಿಲ್ಲ. ಹೊಸ ಚಿಗುರು ನೆಟ್ಟಗೆ ಬರುತ್ತಿದೆಯಾ, ಅದನ್ನು ನೋಡಿ.